ಜಿಪ್ಪು, ಬಕಲ್ಲು, ಪೀಚೆಕತ್ತಿಯ ಸರಪಳಿ: ಕೋವಿಗೆ ಗೀರು ಬೀಳದಂತೆ ಉಡುಪು ಸಜ್ಜು ಮಾಡಿಕೊಳ್ಳುವುದು ಹೇಗೆ?

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮರುದಿನ ಕೋವಿ ಒರೆಸಲು ಕೂತಾಗಲೇ ಹೆಚ್ಚಿನವರಿಗೆ ಗೀರು ಕಣ್ಣಿಗೆ ಬೀಳುವುದು. ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವಾಗ ಇರಲಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿಸಿ ಬರುವಷ್ಟರಲ್ಲಿ ಬಟ್ಟಿನ (ಹೆಗಲಿಗೆ ಊರುವ ಹಿಂಭಾಗದ) ಮರದ ಮೇಲೆ ಒಂದರ ಪಕ್ಕ ಒಂದು ಮೂರು ಬಿಳಿ ಗೆರೆ. ಕೋವಿ ಎಲ್ಲೂ ಬಿದ್ದಿಲ್ಲ, ಯಾವುದಕ್ಕೂ ಬಡಿದಿಲ್ಲ. ಹೆಗಲಿಗೆ ಏರಿಸಿದಾಗಲೆಲ್ಲ ಜಾಕೆಟ್ಟಿನ ಜಿಪ್ಪಿನ ತುದಿ ಅದೇ ಜಾಗಕ್ಕೆ ಉಜ್ಜಿದೆ, ಅಷ್ಟೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು. ಬೇಟೆಯ ಉಡುಪು ಮಾತ್ರ ಉಳಿದುಕೊಂಡಿತು: ಹತ್ತು ಜೇಬಿನ ಜಾಕೆಟ್ಟು, ತೋಟೆಪಟ್ಟಿ, ದಪ್ಪ ಬಕಲ್ಲಿನ ಬೆಲ್ಟು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಕೊಡಗಿನ ಮನೆಗಳಲ್ಲಿ ಅಜ್ಜ, ಮುತ್ತಜ್ಜನ ಕಾಲದ ಕೋವಿಗಳು ಇನ್ನೂ ಇವೆ. ಬರ್ಮಿಂಗ್‌ಹ್ಯಾಂನಲ್ಲಿ ತಯಾರಾದ ವೆಬ್ಲಿ ಅಂಡ್ ಸ್ಕಾಟ್ ಅಥವಾ ಗ್ರೀನರ್ ಜೋಡಿನಳಿಗೆ ಕೋವಿ ಇದ್ದವರಂತೂ ಈ ವಿಷಯದಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಕಡಿಮೆಯೇ. ಅದರ ಮೂಲ ಹೊಳಪು ಒಮ್ಮೆ ಹೋದರೆ ಮತ್ತೆ ಅದೇ ಬರುವುದಿಲ್ಲ.

ನಳಿಗೆಯ ಕಪ್ಪು-ನೀಲಿ ಬಣ್ಣ ಬಳಿದ ಪೇಂಟಲ್ಲ. ಉಕ್ಕಿನ ಮೇಲ್ಮೈಯನ್ನೇ ಹದವಾಗಿ ತುಕ್ಕು ಹಿಡಿಸಿ, ಕುದಿಸಿ ಕಪ್ಪಾಗಿಸಿದ ಪದರ ಅದು. ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಬಟ್ಟಿನ ವಾಲ್‌ನಟ್ ಮರಕ್ಕಂತೂ ಹಿತ್ತಾಳೆಯ ಗುಂಡಿಯೇ ಸಾಕು. ಹಾಗಾಗಿ ತಿದ್ದಬೇಕಾದ್ದು ಕೋವಿಯನ್ನಲ್ಲ, ಅಂಗಿಯನ್ನು.

ಮೊದಲು ತಾಗುವ ಜಾಗ ಹುಡುಕಿ

ಊಹೆಯ ಮೇಲೆ ಹೊಲಿಗೆ ಹಾಕಬೇಡಿ. ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಇದೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಒಳಗೆ ಮದ್ದು ಇಲ್ಲವೆಂದು ಗಜ (ಉದ್ದ ಸಲಾಕೆ) ಇಳಿಸಿ ನೋಡಬೇಕು.

ಆಮೇಲೆ ಬಟ್ಟಿಗೆ ಒಂದು ಹಳೆಯ, ದಪ್ಪ, ಕಪ್ಪು ಕಾಲುಚೀಲ ಎಳೆದು ತೊಡಿಸಿ. ನಳಿಗೆಗೂ ಅದರ ಕೆಳಗಿನ ಮರಕ್ಕೂ ಕಪ್ಪು ಬಟ್ಟೆ ಸುತ್ತಿ. ಸ್ಪರ್ಧೆಗೋ ಹಬ್ಬಕ್ಕೋ ಹಾಕುವ ಉಡುಪನ್ನು ಪೂರ್ತಿ ಹಾಕಿಕೊಂಡು, ಮೈಮೇಲಿನ ಪ್ರತಿ ಲೋಹಕ್ಕೂ ಬಿಳಿ ಸೀಮೆಸುಣ್ಣ ಉಜ್ಜಿ. ಜಿಪ್ಪಿನ ಹಲ್ಲು, ಅದರ ತುದಿ, ಟಿಚ್ ಬಟನ್, ಬಕಲ್ಲು, ಜೀನ್ಸ್ ಜೇಬಿನ ಮೂಲೆಯ ತಾಮ್ರದ ಮೊಳೆ, ವಾಚಿನ ಪಟ್ಟಿ, ಉಂಗುರ, ಕಡಗ, ಒಂದನ್ನೂ ಬಿಡಬೇಡಿ. ಈಗ ಕೋವಿಯನ್ನು ಹತ್ತು ಸಲ ಹೆಗಲಿಗೆ ಏರಿಸಿ ಇಳಿಸಿ. ಮಡಚಿ ಮುಂಗೈ ಮೇಲೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಪಟ್ಟಿಯಲ್ಲಿ ಹೆಗಲಿಗೆ ತೂಗುಬಿಟ್ಟು ಕೂತು ಏಳಿ. ಕೊನೆಗೆ ಫೋಟೋಗೆ ನಿಲ್ಲುವಂತೆ ಎದೆಗೆ ಅಡ್ಡ ಹಿಡಿಯಿರಿ.

ಕಪ್ಪು ಬಟ್ಟೆಯ ಮೇಲೆ ಬಿಳಿ ಗುರುತು ಎಲ್ಲಿ ಬಿತ್ತೋ ಅದೇ ನಾಳೆ ಗೀರು ಬೀಳುವ ಜಾಗ. ಬಲಗೈಯವರಿಗೆ ಸಾಮಾನ್ಯವಾಗಿ ಬಲ ಹೆಗಲಿನ ಮುಂಭಾಗ, ಹೊಟ್ಟೆಯ ಬಕಲ್ಲು, ಎಡಗೈಯ ಉಂಗುರ ಈ ಮೂರೂ ಸಿಕ್ಕಿಬೀಳುತ್ತವೆ. ಉಂಗುರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನಳಿಗೆಯ ಕೆಳಹೊಟ್ಟೆಯ ಅಡ್ಡಗೆರೆಗಳು ಹೆಚ್ಚಾಗಿ ಅದರವೇ.

ಒಂದೊಂದಕ್ಕೂ ಬೇರೆ ಮದ್ದು

ಜಿಪ್ಪಿನ ಲೋಹದ ತುದಿಯನ್ನು ಇಕ್ಕಳದಿಂದ ಕಳಚಿ, 5 ಸೆಂ.ಮೀ. ಉದ್ದದ ನೂಲಿನ ಹುರಿಯ ಕುಣಿಕೆ ಹಾಕಿ. ಕಳಚಲು ಬಾರದಿದ್ದರೆ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 6ರಿಂದ 8 ಮಿ.ಮೀ. ವ್ಯಾಸದ ಹೀಟ್ ಶ್ರಿಂಕ್ ಟ್ಯೂಬನ್ನು ತುದಿಗೆ ತೊಡಿಸಿ, ಹೇರ್ ಡ್ರೈಯರ್‌ನ ಜೋರು ಬಿಸಿ ಹಿಡಿದರೆ ಬಿಗಿಯಾಗಿ ಕೂರುತ್ತದೆ. ಹಲ್ಲುಗಳನ್ನು ಮುಚ್ಚಲು 4 ಸೆಂ.ಮೀ. ಅಗಲದ ಹತ್ತಿ ಬಟ್ಟೆಯ ಪಟ್ಟಿಯನ್ನು ಜಿಪ್ಪಿನ ಉದ್ದಕ್ಕೂ ಒಂದು ಬದಿಗೆ ಹೊಲಿಸಿ. ಪಟ್ಟಿ ಕತ್ತಿನವರೆಗೂ ಹೋಗಬೇಕು. ಎದೆಗೇ ನಿಲ್ಲಿಸಿದರೆ ಬಟ್ಟು ಏರಿ ಬರುವ ದಾರಿಯಲ್ಲೇ ಹಲ್ಲು ಬಾಯ್ತೆರೆದಿರುತ್ತದೆ.

ಹೆಗಲಿನ ಮತ್ತು ಎದೆಯ ಟಿಚ್ ಬಟನ್ನುಗಳನ್ನು ದರ್ಜಿಯ ಕೈಲಿ ತೆಗೆಸಿ, ತೆಂಗಿನ ಚಿಪ್ಪಿನ ಅಥವಾ ಪ್ಲಾಸ್ಟಿಕ್ಕಿನ ಗುಂಡಿ ಹಾಕಿಸಿ. ಗುಂಡಿ ಜೇಬಿನ ಮುಚ್ಚಳದ ಒಳಮೈಯಲ್ಲಿ ಅಡಗುವಂತೆ ಹೊಲಿದರೆ ಇನ್ನೂ ಒಳ್ಳೆಯದು.

ಬೆಲ್ಟಿನ ಬಕಲ್ಲನ್ನು ಎಡ ಸೊಂಟಕ್ಕೆ ತಿರುಗಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ. ಅದು ಹಿಡಿಸದವರು ಮೆತ್ತನೆಯ ಚರ್ಮದಲ್ಲಿ ಸುಮಾರು 8 ಸೆಂ.ಮೀ. ಅಗಲದ, ಬೆಲ್ಟಿನ ಮೇಲೆ ಜಾರುವ ತೋಳು ಹೊಲಿಸಿ ಬಕಲ್ಲಿನ ಮೇಲೆ ಎಳೆದುಕೊಳ್ಳಲಿ. ವಾಚು, ಉಂಗುರ, ಕಡಗಕ್ಕೆ ಮದ್ದಿಲ್ಲ. ತೆಗೆದು ಜೇಬಿಗೆ ಹಾಕಿ.

ಕೊಡವ ಗಂಡಸರ ಸಾಂಪ್ರದಾಯಿಕ ಉದ್ದಂಗಿ ಕುಪ್ಯದ ಮಾತೇ ಬೇರೆ. ಸೊಂಟಕ್ಕೆ ಸಿಕ್ಕಿಸುವ ಅಲಂಕಾರದ ಕಿರುಗತ್ತಿ ಪೀಚೆಕತ್ತಿಯ ಬೆಳ್ಳಿ ಸರಪಳಿ ಹೊಟ್ಟೆಯ ಮುಂದೆ ತೂಗಾಡುತ್ತದೆ, ಬೆನ್ನಿಗೆ ಒಡಿಕತ್ತಿ ಎಂಬ ಅಗಲ ಬಾಗುಕತ್ತಿಯನ್ನು ಸಿಕ್ಕಿಸುವ ಹಿತ್ತಾಳೆಯ ತೊಡಂಗ್ ಇರುತ್ತದೆ. ಅದರ ಮೇಲೆ ಕೋವಿ ತೂಗುಬಿಟ್ಟರೆ ಲೋಹಕ್ಕೆ ಮರ ಕೊಟ್ಟಂತೆಯೇ. ಗುಂಡು ಹೊಡೆಯುವುದಿದ್ದರೆ ಎರಡನ್ನೂ ಬಿಚ್ಚಿ ನಂಬಿಕೆಯ ಒಬ್ಬರ ಕೈಗೆ ಕೊಡಿ. ಬರೀ ಮೆರವಣಿಗೆ, ಫೋಟೋ ಎಂದಾದರೆ ಸರಪಳಿಯನ್ನು ಚೇಲೆಯ (ಸೊಂಟದ ಕೆಂಪು ಪಟ್ಟಿಯ) ಮಡಿಕೆಗೆ ಎರಡು ಕಡೆ ಕೆಂಪು ದಾರದಲ್ಲಿ ಸಡಿಲ ಟಾಕು ಹಾಕಿ ನಿಲ್ಲಿಸಬಹುದು. ನೋಟ ಕೆಡುವುದಿಲ್ಲ, ಸಂಜೆ ದಾರ ಕತ್ತರಿಸಿದರಾಯಿತು. ಒಡಿಕತ್ತಿ ಕಟ್ಟಿದವರು ಕೋವಿಯನ್ನು ಬೆನ್ನಿಗೆ ಹಾಕದೆ ಕೈಯಲ್ಲೇ ಹಿಡಿಯಲಿ.

ಕೋವಿಯ ಪಟ್ಟಿಗೂ ಒಂದು ಬಕಲ್ಲು ಇರುತ್ತದೆಂಬುದು ನೆನಪಿರಲಿ. ಕೋವಿಯನ್ನು ಮೂಲೆಗೆ ಒರಗಿಸಿದಾಗ ಅದು ಜೋತುಬಿದ್ದು ಮರಕ್ಕೆ ಬಡಿಯುತ್ತದೆ. ಬಕಲ್ಲಿನ ಒಳಬದಿಗೆ ಚರ್ಮದ ತುಂಡೊಂದನ್ನು ಹೊಲಿಸಿ.

ಎಡವುವ ಜಾಗಗಳು

ಬಕಲ್ಲಿಗೆ ಕರೀ ಇನ್ಸುಲೇಷನ್ ಟೇಪು ಸುತ್ತುವವರಿದ್ದಾರೆ. ಬಿಸಿಲಿಗೆ ಅದರ ಅಂಟು ಕರಗಿ ಅಂಚಿನಿಂದ ಹೊರಬಂದು ಮರಕ್ಕೆ ಮೆತ್ತುತ್ತದೆ, ಒರೆಸಲು ಹೋದರೆ ಎಣ್ಣೆಯ ಹೊಳಪೂ ಜೊತೆಗೇ ಬರುತ್ತದೆ. ಉಗುರುಬಣ್ಣ ಹಚ್ಚಿದರೆ ಬೇಗನೆ ಚಕ್ಕೆ ಏಳುತ್ತದೆ, ಆ ಚಕ್ಕೆಯ ಅಂಚೇ ಚೂಪು.

ಅತಿ ದೊಡ್ಡ ತಪ್ಪು ಬೇರೆಯೇ ಇದೆ: ಮೆತ್ತನೆಯ ಬಟ್ಟೆಯಿದ್ದರೆ ಸಾಕು ಎಂಬ ನಂಬಿಕೆ. ತೋಟದ ಮಣ್ಣಿನಲ್ಲಿರುವ ಮರಳಿನ ಕಣ ಉಕ್ಕಿಗಿಂತ ಗಟ್ಟಿ. ಉಣ್ಣೆ, ಮಖಮಲ್ಲು ಆ ಕಣವನ್ನು ಹಿಡಿದಿಟ್ಟುಕೊಂಡು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಬಟ್ಟು ಕೂರುವ ಜಾಗಕ್ಕೆ ಒತ್ತಾದ ನೇಯ್ಗೆಯ ನುಣುಪು ಹತ್ತಿ ಬಟ್ಟೆಯನ್ನೇ ಹಾಕಿಸಿ. ಪ್ರತಿ ಬಳಕೆಗೆ ಮುಂಚೆ ಜಾಕೆಟ್ಟನ್ನು ಕೊಡವಿ, ಹೆಗಲನ್ನು ಒದ್ದೆ ಕೈಯಲ್ಲಿ ಸವರಿ ಒಣಗಿಸಿ.

ಕೋವಿಚೀಲ ಒಯ್ಯುವುದಕ್ಕೆ ಮಾತ್ರ. ಕೊಡಗಿನ ಮಳೆಗಾಲದಲ್ಲಿ ಚರ್ಮದ ಅಥವಾ ಉಣ್ಣೆ ಅಸ್ತರಿನ ಚೀಲದೊಳಗೇ ಬಿಟ್ಟರೆ ಗೀರಿನ ಬದಲು ತುಕ್ಕು ಬರುತ್ತದೆ.

ಮೇಲೊಂದು ಮೇಣದ ಪದರ

30 ಗ್ರಾಂ ಶುದ್ಧ ಜೇನುಮೇಣವನ್ನು ಬಟ್ಟಲಿಗೆ ತುರಿದು, ಕುದಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಒಲೆ ಪೂರ್ತಿ ಆರಿಸಿದ ಮೇಲೆ, ಬೆಂಕಿಯಿಂದ ದೂರದಲ್ಲಿ, 60 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಟರ್ಪೆಂಟೈನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆರಿದ ಮುಲಾಮನ್ನು ಬೆರಳ ತುದಿಯಷ್ಟು ತೆಗೆದು ಮರಕ್ಕೂ ನಳಿಗೆಯ ಹೊರಮೈಗೂ ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಮಲ್‌ಪಂಚೆಯ ತುಂಡಿನಿಂದ ತಿಕ್ಕಿ. ಹಿಡಿಯ ಗೀಟುಕೆತ್ತನೆಯೊಳಗೆ ಮೇಣ ಕಟ್ಟಿಕೊಳ್ಳಬಾರದು, ನಳಿಗೆಯ ಒಳಕ್ಕೂ ಕುದುರೆಯ (ಗುಂಡು ಹಾರಿಸುವ) ಯಂತ್ರಕ್ಕೂ ಹೋಗಲೇಬಾರದು. ಜೋರಾದ ಏಟನ್ನು ಇದು ತಡೆಯದು. ಸವರಿಕೊಂಡು ಹೋಗುವ ಗುಂಡಿ ಮಾತ್ರ ಕಚ್ಚದೆ ಜಾರುತ್ತದೆ.

ಗೀರು ಬಿದ್ದೇಬಿಟ್ಟರೆ

ಮರದಲ್ಲಿ ತಗ್ಗೋ ಗೀರೋ ಎಂದು ಉಗುರಿನಿಂದ ಸವರಿ ನೋಡಿ. ಬರೀ ತಗ್ಗಾದರೆ ನಾರು ಒತ್ತಿಹೋಗಿದೆ, ತುಂಡಾಗಿಲ್ಲ. ಒದ್ದೆ ಹತ್ತಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಐದೈದು ಸೆಕೆಂಡು ಇಟ್ಟು ತೆಗೆದರೆ ಆವಿಗೆ ನಾರು ಉಬ್ಬಿ ಮೇಲೇಳುತ್ತದೆ. ಇದು ಎಣ್ಣೆ ಹಚ್ಚಿದ ಮರಕ್ಕೆ ಮಾತ್ರ. ವಾರ್ನಿಷ್ ಇದ್ದರೆ ಬೆಳ್ಳಗಾಗುತ್ತದೆ. ನಾರು ಕತ್ತರಿಸಿದ ಗೀರಿಗೆ ಆವಿ ಉಪಯೋಗವಿಲ್ಲ. ಒಂದು ಹನಿ ಅಗಸೆ ಎಣ್ಣೆ ಬೆರಳಿನಿಂದ ಉಜ್ಜಿ, ಒಂದು ದಿನ ಬಿಟ್ಟು ಮತ್ತೆ ಉಜ್ಜಿ.

ನಳಿಗೆಯ ಗೀರಿಗೆ ಅವತ್ತೇ ಕೋವಿ ಎಣ್ಣೆ ಸವರಿ, ಬಿಳಿ ಉಕ್ಕು ಮಳೆಗಾಳಿಗೆ ಬಹುಬೇಗ ಕೆಂಪಾಗುತ್ತದೆ. ಪೂರ್ತಿ ಮರುಬಣ್ಣ ಮಾಡಿಸಲು ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ಹೋದಾಗ ಯಾವ ವಿಧಾನವೆಂದು ಮೊದಲೇ ಕೇಳಿ. ಹಳೆಯ ಜೋಡಿನಳಿಗೆಯ ನಡುವಿನ ಲೋಹದ ಪಟ್ಟಿಯನ್ನು ಕೂರಿಸಿರುವುದು ಮೆದು ಬೆಸುಗೆಯಿಂದ. ಕುದಿಯುವ ಕ್ಷಾರದ ತೊಟ್ಟಿಗೆ ಇಳಿಸಿದರೆ ಆ ಬೆಸುಗೆ ತಿಂದುಹೋಗಿ ಪಟ್ಟಿ ಬಿಟ್ಟುಕೊಳ್ಳುತ್ತದೆ. ದಿನಗಟ್ಟಲೆ ಹಿಡಿಯುವ, ನಿಧಾನವಾಗಿ ತುಕ್ಕು ಹಿಡಿಸಿ ಕಪ್ಪಾಗಿಸುವ ಹಳೆಯ ವಿಧಾನವನ್ನೇ ಕೇಳಿ ಮಾಡಿಸಿ.