ಹೀತ್ ಬಯಲು ಮತ್ತು ಗುಡ್ಡಗಾಡಿನಲ್ಲಿ ಸೈಕಲ್ ಪ್ರವಾಸ: ದಾರಿ ಗೊತ್ತುಮಾಡುವುದು ಹೇಗೆ?

ಸೈಕಲ್ ಪ್ರವಾಸಕ್ಕೆ ಹೊರಡುವವರು ದಾರಿ ಗೊತ್ತುಮಾಡುವಾಗ ಎಲ್ಲಕ್ಕಿಂತ ಮೊದಲು ಕಿಲೋಮೀಟರ್ ಎಣಿಸುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ 90 ಕಿ.ಮೀ. ತುಳಿದು ಅಭ್ಯಾಸವಿದ್ದವರು ಗುಡ್ಡಗಾಡಿನ ನಕ್ಷೆಯ ಮೇಲೂ 90 ಕಿ.ಮೀ.ಗೊಂದರಂತೆ ರಾತ್ರಿ ತಂಗುವ ಊರನ್ನು ಗುರುತು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನ ಕಳೆದರೂ ಅರ್ಧ ದಾರಿ ಸಾಗಿರುವುದಿಲ್ಲ. ಕತ್ತಲಾದ ಮೇಲೆ ಸೈಕಲ್ ತಳ್ಳಿಕೊಂಡು ಊರು ಸೇರುತ್ತಾರೆ. ಹೀಗೆ ಬಸವಳಿದು ಬಂದವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಕಾಲಿನಲ್ಲಿ ಸಾಕಷ್ಟು ಕಸುವಿತ್ತು. ಏರು ಎಷ್ಟು, ನೆಲ ಎಂಥದ್ದು ಎಂಬ ಎರಡು ಸಂಗತಿಗಳನ್ನು ಅವರು ಹೊರಡುವ ಮೊದಲು ನಕ್ಷೆಯಲ್ಲಿ ನೋಡಿರಲಿಲ್ಲ, ಅಷ್ಟೆ.

ಹೀತ್ ಎಂದರೆ ಸಾರವಿಲ್ಲದ ಆಮ್ಲೀಯ ನೆಲದಲ್ಲಿ ಹೆದರ್ ಎಂಬ ಕುರುಚಲು ಗಿಡವೂ ಗೋರ್ಸ್ ಎಂಬ ಮುಳ್ಳುಪೊದೆಯೂ ಹಬ್ಬಿಕೊಂಡಿರುವ, ಮರಗಳು ವಿರಳವಾಗಿರುವ ಬಯಲು. ಜರ್ಮನಿಯ ಲ್ಯೂನೆಬರ್ಗ್ ಹೀತ್, ನೆದರ್‌ಲೆಂಡ್ಸ್‌ನ ವೇಲುವೆ, ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಮತ್ತು ನಾರ್ತ್ ಯಾರ್ಕ್ ಮೂರ್ಸ್ ಇಂಥ ನೆಲಕ್ಕೆ ಹೆಸರಾದವು.

ಹಂತ 1: ಕಾಲ

ಹೆದರ್ ಅರಳುವುದು ಆಗಸ್ಟ್‌ನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಬಯಲು ನೇರಳೆ ಬಣ್ಣಕ್ಕೆ ತಿರುಗುವ ಆ ವಾರಗಳಲ್ಲೇ ಹೋಗಿ.

ಹಂತ 2: ಏರಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತಕ್ಕೆ ಒಂದು ಇಡೀ ಸಂಜೆಯನ್ನು ಮೀಸಲಿಡಬೇಕು. 1:50,000 ಅಳತೆಯ ಕಾಗದದ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಈ ಅಳತೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಇಂಥ ನಕ್ಷೆಗಳಲ್ಲಿ ಒಂದು ಸಮೋನ್ನತ ರೇಖೆಗೂ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಮುಂದಿನದಕ್ಕೂ 10 ಮೀಟರ್ ಎತ್ತರದ ಅಂತರವಿರುತ್ತದೆ. ನಿಮ್ಮ ರಸ್ತೆ 2 ಸೆಂ.ಮೀ. ಉದ್ದದಲ್ಲಿ ಎಂಟು ರೇಖೆಗಳನ್ನು ಮೇಲ್ಮುಖವಾಗಿ ದಾಟಿದರೆ 1 ಕಿ.ಮೀ.ಗೆ 80 ಮೀಟರ್ ಏರಿದಂತೆ, ಅಂದರೆ ಶೇ 8ರ ಏರು. ಆದರೆ ಇದು ಸರಾಸರಿ ಮಾತ್ರ. ಆ ಎಂಟರಲ್ಲಿ ಮೂರು ರೇಖೆಗಳು 4 ಮಿ.ಮೀ. ಜಾಗದಲ್ಲಿ ಒತ್ತೊತ್ತಾಗಿದ್ದರೆ ಅಲ್ಲಿ 200 ಮೀಟರ್ ದೂರಕ್ಕೆ ಶೇ 15ರ ಏರು ಕಾದಿರುತ್ತದೆ. ಸಾಮಾನು ಹೇರಿದ ಸೈಕಲ್ಲಿನಿಂದ ಇಳಿಯುವಂತೆ ಮಾಡುವುದು ಈ 200 ಮೀಟರ್. ಅದೇ ನಕ್ಷೆಗಳಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಶೇ 14ರಿಂದ 20ರವರೆಗೆ, ಎರಡಿದ್ದರೆ ಶೇ 20ಕ್ಕಿಂತ ಹೆಚ್ಚು. ಬಾಣದ ಮೊನೆ ಇಳಿಜಾರಿನ ಕಡೆಗಿರುತ್ತದೆ ಎಂಬುದನ್ನು ಮರೆತರೆ ಏರನ್ನೇ ಇಳಿಜಾರೆಂದು ತಿಳಿದು ಹೋಗುವ ಅಪಾಯವಿದೆ. ನಾರ್ತ್ ಯಾರ್ಕ್ ಮೂರ್ಸ್‌ನ ರೋಸ್‌ಡೇಲ್ ಚಿಮ್ನಿ ಬ್ಯಾಂಕ್ ರಸ್ತೆ ಅತಿ ಕಡಿದಾದ ಜಾಗದಲ್ಲಿ ಶೇ 33ರಷ್ಟು ಏರುತ್ತದೆ. ಎರಡು ಬಾಣಗಳ ಅಂಥ ರಸ್ತೆಯನ್ನು ಸಾಮಾನಿನೊಂದಿಗೆ ಏರುವ ದಾರಿಯಾಗಿ ಆರಿಸಿಕೊಳ್ಳಲೇಬೇಡಿ.

ಇನ್ನು ದಿನದ ಒಟ್ಟು ಏರನ್ನು ಕೂಡಬೇಕು. ಹೊರಡುವ ಊರಿನ ಎತ್ತರವನ್ನು ತಲುಪುವ ಊರಿನ ಎತ್ತರದಿಂದ ಕಳೆದು ಬಿಡುವುದು ಹಲವರ ರೂಢಿ, ಅದು ಪೂರ್ತಿ ತಪ್ಪು. ದಾರಿ 60 ಮೀಟರ್ ಎತ್ತರದಿಂದ ಹೊರಟು 180ಕ್ಕೆ ಏರಿ, 90ಕ್ಕೆ ಇಳಿದು, ಮತ್ತೆ 210ಕ್ಕೆ ಏರಿ, 120ರಲ್ಲಿ ಮುಗಿಯಿತು ಎಂದುಕೊಳ್ಳಿ. ಎರಡು ತುದಿಗಳ ವ್ಯತ್ಯಾಸ 60 ಮೀಟರ್. ನೀವು ನಿಜವಾಗಿ ತುಳಿದು ಏರಿದ್ದು 240 ಮೀಟರ್. ಪೆನ್ಸಿಲ್ ಹಿಡಿದು ದಾರಿಯುದ್ದಕ್ಕೂ ಮೇಲ್ಮುಖವಾಗಿ ದಾಟುವ ರೇಖೆಗಳನ್ನು ಮಾತ್ರ ಎಣಿಸುತ್ತಾ ಹೋಗಿ, ಹತ್ತರಿಂದ ಗುಣಿಸಿ, ಬಂದ ಮೊತ್ತಕ್ಕೆ ಹತ್ತನೇ ಒಂದು ಭಾಗ ಸೇರಿಸಿ. ಎರಡು ರೇಖೆಗಳ ನಡುವೆಯೇ ಎದ್ದು ಬಿದ್ದು ಸಾಗುವ ಸಣ್ಣ ತಗ್ಗು ದಿಬ್ಬಗಳು ನಕ್ಷೆಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಈ ಹೆಚ್ಚುವರಿ ಭಾಗ ಬೇಕು.

ಮೊಬೈಲ್ ಆ್ಯಪ್ ಇದನ್ನೆಲ್ಲ ಕ್ಷಣದಲ್ಲಿ ಹೇಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೇಳುತ್ತದೆ, ಆದರೆ ಒಂದೇ ದಾರಿಗೆ ಎರಡು ಆ್ಯಪ್‌ಗಳು ಎರಡು ಬೇರೆ ಮೊತ್ತಗಳನ್ನು ಕೊಡುತ್ತವೆ. ಇಂಥ ಎತ್ತರದ ಮಾಹಿತಿಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ಸಂಗ್ರಹ 2000ರ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದದ್ದು. ಅದರಲ್ಲಿ ಸುಮಾರು 30 ಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದೊಂದೇ ಎತ್ತರವಿರುತ್ತದೆ. ಗುಡ್ಡದ ಪಕ್ಕೆಯನ್ನು ಕಡಿದು ಮಾಡಿದ ರಸ್ತೆಗೆ ಪಕ್ಕದ ಇಳಿಜಾರಿನ ಎತ್ತರ ಅಂಟಿಕೊಳ್ಳುತ್ತದೆ. ಕಣಿವೆಯ ಮೇಲಿನ ಸೇತುವೆಯಲ್ಲಿ ಸಾಗುವಾಗ ಆ್ಯಪ್ ನಿಮ್ಮನ್ನು ಕಣಿವೆಯ ತಳಕ್ಕೆ ಇಳಿಸಿ ಮತ್ತೆ ಏರಿಸುತ್ತದೆ. ಹಾಗಾಗಿ ಆ್ಯಪ್‌ನ ಮೊತ್ತವನ್ನು ನಿಮ್ಮ ಎಣಿಕೆಯೊಂದಿಗೆ ಹೋಲಿಸಿ ನೋಡಲು ಇಟ್ಟುಕೊಳ್ಳಿ. ‘ಅತಿ ಹತ್ತಿರದ ದಾರಿ’ ಎಂಬ ಆಯ್ಕೆಯನ್ನಂತೂ ಒತ್ತಲೇಬೇಡಿ: ಅದು ಕಣಿವೆಗಳನ್ನು ಒಂದಾದ ಮೇಲೊಂದರಂತೆ ಅಡ್ಡಕ್ಕೆ ದಾಟಿಸುತ್ತದೆ. ಬೆಳಿಗ್ಗೆ ಒಮ್ಮೆ ಏರಿ, ಗುಡ್ಡದ ನೆತ್ತಿಯ ಮೇಲೆಯೇ ಸಾಗುವ ದಾರಿ ಹತ್ತು ಕಿ.ಮೀ. ಉದ್ದವಾದರೂ ನಾನು ಅದನ್ನೇ ಆರಿಸುತ್ತೇನೆ.

ಮೊತ್ತವನ್ನು ಸಮಯಕ್ಕೆ ತಿರುಗಿಸುವುದು ಸುಲಭ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ತೂಕವಿದ್ದು, ದಿನವಿಡೀ ನಿಭಾಯಿಸಬಲ್ಲ 150 ವಾಟ್ ಶಕ್ತಿಯಲ್ಲಿ ತುಳಿದರೆ ಶೇ 8ರ ಏರಿನಲ್ಲಿ ವೇಗ ಗಂಟೆಗೆ ಆರೂವರೆ ಕಿ.ಮೀ.ಗಿಂತ ಕಡಿಮೆ, ಎತ್ತರದ ಲೆಕ್ಕದಲ್ಲಿ ಗಂಟೆಗೆ ಸುಮಾರು 500 ಮೀಟರ್. ಆದ್ದರಿಂದ ಸಮತಟ್ಟಿನ ದೂರಕ್ಕೆ ಗಂಟೆಗೆ 16 ಕಿ.ಮೀ. ಹಿಡಿದು, ಪ್ರತಿ 500 ಮೀಟರ್ ಏರಿಗೆ ಒಂದು ಗಂಟೆ ಸೇರಿಸಿ. 70 ಕಿ.ಮೀ. ದೂರ, 1,000 ಮೀಟರ್ ಏರು ಇರುವ ದಿನಕ್ಕೆ ಬರೀ ತುಳಿಯುವುದಕ್ಕೇ ಆರೂವರೆ ಗಂಟೆ ಬೇಕು. ಇಳಿಯುವಾಗ ಉಳಿಯುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಿರಿದಾದ ತಿರುವುಗಳಲ್ಲಿ ಬ್ರೇಕ್ ಹಿಡಿದೇ ಇಳಿಯಬೇಕಾಗುತ್ತದೆ, ನ್ಯೂ ಫಾರೆಸ್ಟ್‌ನಂಥ ಕಡೆ ರಸ್ತೆಯ ಮೇಲೆಯೇ ಗಿಡ್ಡ ತಳಿಯ ಕುದುರೆಗಳು ನಿಂತಿರುತ್ತವೆ.

ಹಂತ 3: ನೆಲ

ಲ್ಯೂನೆಬರ್ಗ್ ಹೀತ್‌ನ ಅತಿ ಎತ್ತರದ ಗುಡ್ಡವಾದ ವಿಲ್ಸೆಡರ್ ಬೆರ್ಗ್ ಕೇವಲ 169 ಮೀಟರ್. ಅಲ್ಲಿ ಸವಾರರನ್ನು ದಣಿಸುವುದು ಮರಳು. ಬಹಳ ದಿನ ಮಳೆಯಿಲ್ಲದಿದ್ದಾಗ ಮರಳುದಾರಿ ಸಡಿಲವಾಗಿ ಚಕ್ರವನ್ನು ಹೂತುಕೊಳ್ಳುತ್ತದೆ, ಮಳೆಯಾದ ಮರುದಿನ ಅದೇ ದಾರಿ ಗಟ್ಟಿಯಾಗಿರುತ್ತದೆ. ಎತ್ತರದ ಹೀತ್‌ಗಳಲ್ಲಿ ಅರೆಕೊಳೆತ ಸಸ್ಯಗಳಿಂದಾದ ಪೀಟ್ ಎಂಬ ನೆಲದಲ್ಲಿ ಇದಕ್ಕೆ ತದ್ವಿರುದ್ಧ: ಒಣಗಿದಾಗ ಚೆನ್ನ, ನೆನೆದಾಗ ಕೆಸರು. ಹಾಗಾಗಿ ಹಿಂದಿನ ವಾರದ ಮಳೆಯನ್ನು ತಿಳಿದುಕೊಂಡ ಮೇಲೆಯೇ ಕಚ್ಚಾದಾರಿಯನ್ನು ನಂಬಬೇಕು. ಟೈರು 47 ಮಿ.ಮೀ. ಅಗಲವಿರಲಿ, ಮರಳು ಬಂದಾಗ ಗಾಳಿಯನ್ನು ಸ್ವಲ್ಪ ಇಳಿಸಿ. ಮರಳಿಗೆ ಇಳಿಯುವ ಮೊದಲೇ ಗೇರ್ ಹಗುರ ಮಾಡಿಕೊಂಡು, ಮೈಭಾರವನ್ನು ಹಿಂದಕ್ಕೆ ತಂದು, ಹ್ಯಾಂಡಲನ್ನು ಬಿಗಿಯಾಗಿ ಅಮುಕದೆ, ನಿಲ್ಲಿಸದೆ ತುಳಿಯುತ್ತಿರಬೇಕು. ಮುಂದಿನ ಬ್ರೇಕ್ ಮುಟ್ಟಿದರೆ ಬೀಳುವುದು ಖಚಿತ. ಗೋರ್ಸ್ ಪೊದೆಯನ್ನು ಕತ್ತರಿಸಿದ ದಾರಿಯಲ್ಲಿ ಮುಳ್ಳು ಉದುರಿರುತ್ತದೆ. ಅಲ್ಲಿ ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಪೂರ್ತಿ ಸವರಿ ನೋಡದಿದ್ದರೆ ಅದೇ ಮುಳ್ಳು ಮತ್ತೆ ಚುಚ್ಚುತ್ತದೆ.

ಕಾನೂನನ್ನೂ ನೋಡಿಕೊಳ್ಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುದುರೆ ಸವಾರರ ಹಾದಿಗಳಲ್ಲಿ ಸೈಕಲ್ ಓಡಿಸಲು 1968ರ ಕಾಯ್ದೆ ಅವಕಾಶ ಕೊಟ್ಟಿದೆ. ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಡಬೇಕೆಂಬುದು ಅದರ ಷರತ್ತು. ಕಾಲುದಾರಿಗಳಲ್ಲಿ ಆ ಹಕ್ಕಿಲ್ಲ. ನೈಟ್‌ಜಾರ್ ಹಕ್ಕಿ ಹೀತ್‌ನ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಆದ್ದರಿಂದ ಗುರುತಿಸಿದ ದಾರಿ ಬಿಟ್ಟು ಒಂದು ಮಾರು ಕೂಡ ಪಕ್ಕಕ್ಕೆ ಸರಿಯಬಾರದು.

ಹಂತ 4: ಗೇರ್ ಮತ್ತು ಸಾಮಾನು

ಮುಂದೆ 26, ಹಿಂದೆ 36 ಹಲ್ಲುಗಳ ಜೋಡಿಯಿದ್ದರೆ ನಿಮಿಷಕ್ಕೆ 70 ಸುತ್ತು ತುಳಿದಾಗ ಸರಿಸುಮಾರು ಮೇಲೆ ಹೇಳಿದ ಆರೂವರೆ ಕಿ.ಮೀ. ವೇಗವೇ ಬರುತ್ತದೆ, ಇದಕ್ಕಿಂತ ಭಾರವಾದ ಗೇರಿನಲ್ಲಿ ಮಂಡಿ ನೋಯುತ್ತದೆ. ಸಾಮಾನನ್ನು ಬೆನ್ನಿಗೆ ಹೊರದೆ ಕ್ಯಾರಿಯರ್‌ನ ಚೀಲಗಳಲ್ಲಿ ತಗ್ಗಿಗೆ ತುಂಬಿ. ಬರೀ ಪ್ಲಾಸ್ಟಿಕ್ ಕೊಕ್ಕೆಯಿಂದ ಸಡಿಲವಾಗಿ ನೇತಾಡುವ ಅಗ್ಗದ ಚೀಲಗಳು ಕಚ್ಚಾದಾರಿಯ ಮೊದಲ ಇಳಿಜಾರಿನಲ್ಲೇ ಕಳಚಿಕೊಳ್ಳುತ್ತವೆ. ಸೀಟಿಗೆ ಹಾಕುವ ಮೆತ್ತನೆಯ ಜೆಲ್ ಹೊದಿಕೆಯೂ ಬೇಡ: ಒಂದೆರಡು ಗಂಟೆಗಳಲ್ಲಿ ಅದು ಸರಿದಾಡಿ ತೊಡೆಯನ್ನು ಉಜ್ಜುತ್ತದೆ.

ಹಂತ 5: ಗಾಳಿ, ನೀರು, ಕವಲು

ಬಯಲಿನಲ್ಲಿ ಮರೆಯಿಲ್ಲದ ಕಾರಣ ಎದುರುಗಾಳಿಯೂ ಏರಿನಷ್ಟೇ ದಣಿಸುತ್ತದೆ. ಸುತ್ತಿ ಬರುವ ದಾರಿಯಾದರೆ ಎದುರುಗಾಳಿಯ ಭಾಗವನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ನೆರಳೂ ಅಪರೂಪ, ನೀರನ್ನು ಬಯಲಿಗೆ ಕಾಲಿಡುವ ಮೊದಲ ಊರಿನಲ್ಲೇ ತುಂಬಿಸಿ. ಕೊನೆಯದಾಗಿ, ದಿನದ ಅರ್ಧ ದಾರಿಯ ಆಸುಪಾಸಿನಲ್ಲಿ ರೈಲು ನಿಲ್ದಾಣಕ್ಕೋ ಕಣಿವೆಯ ಊರಿಗೋ ಇಳಿಯುವ ಒಂದು ಕವಲನ್ನು ನಕ್ಷೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಗುರುತಿಸಿ, ಅದರ ಪಕ್ಕದಲ್ಲಿ ಅಲ್ಲಿಗೆ ತಲುಪಬೇಕಾದ ಹೊತ್ತನ್ನೂ ಬರೆದಿಡಿ. ಆ ಹೊತ್ತಿನೊಳಗೆ ಅಲ್ಲಿಗೆ ತಲುಪದಿದ್ದರೆ ಮುಂದಿನ ಏರಿಗೆ ಕೈಹಾಕದೆ ಆ ಕವಲಿನಲ್ಲೇ ಇಳಿದುಬಿಡಿ.