ಗಿಡ ಆಮೇಲೆ, ಪಾಠ ಮೊದಲು: ಸ್ಕೂಲ್ ತೋಟದಲ್ಲಿ ಪೀರಿಯಡ್ ತಗೊಂಡ ನನ್ನ ಅನುಭವ

ಸ್ಕೂಲಲ್ಲಿ ತೋಟ ಮಾಡೋರು ಬೇಕಾದಷ್ಟು ಜನ ಇದಾರೆ, ಅದ್ರಲ್ಲಿ ಪಾಠ ಮಾಡೋರು ಕಮ್ಮಿ. ನಾನೀಗ ಗಣಿತ, ವಿಜ್ಞಾನ ಎರಡಕ್ಕೂ ವಾರದಲ್ಲಿ ಒಂದೆರಡು ಪೀರಿಯಡ್ ಹೊರಗೇ ತಗೋತೀನಿ, ಪೋರ್ಷನ್ನೂ ಟೈಮಿಗೆ ಮುಗಿಯುತ್ತೆ. "ಆಗದ ಕೆಲಸ ಮೇಡಂ, ಪೋರ್ಷನ್ ಉಳಿದುಹೋಗುತ್ತೆ" ಅಂದಿದ್ದ ಸೀನಿಯರ್ ಒಬ್ರು ಈ ವರ್ಷ ತಮ್ಮ ಕ್ಲಾಸಿಗೂ ಒಂದು ಮಡಿ ಬಿಟ್ಟುಕೊಡಿ ಅಂತ ಕೇಳಿದ್ರು. ಅದಕ್ಕೇ ಬರೀತಿದೀನಿ. ಮಣ್ಣು ಹದ ಮಾಡೋದು, ಗೊಬ್ಬರ ಹಾಕೋದೆಲ್ಲ ನಿಮಗೆ ಗೊತ್ತೇ ಇರುತ್ತೆ, ಅದನ್ನ ಬಿಡ್ತೀನಿ.

ಮೊದಲು ದುಡ್ಡಿನ ವಿಷ್ಯ. ಬೀಜಕ್ಕೆ, ಸಸಿಗೆ ಖರ್ಚು ಅನ್ನೋದೇ ಇಲ್ಲ ಅನ್ಬೇಕು. ಹೆಚ್ಚುಕಮ್ಮಿ ಅರ್ಧ ದುಡ್ಡು ಬೇಲಿಗೆ ಹೋಯ್ತು, ಉಳಿದಿದ್ರಲ್ಲಿ ದೊಡ್ಡ ಪಾಲು ನಲ್ಲಿಯಿಂದ ಮಡಿವರೆಗೆ ಪೈಪ್ ಎಳೆಯೋಕೆ. ಬೇಲಿ ಆಮೇಲೆ ಹಾಕಿದ್ರಾಯ್ತು ಅಂತ ಮೊದಲನೇ ವರ್ಷ ಎಲ್ರೂ ಹೇಳಿದ್ರು, ಒಂದೇ ರಾತ್ರಿಗೆ ದನ ನುಗ್ಗಿ ಎಲ್ಲಾ ಮೇಯ್ದು ಹೋಯ್ತು. ಬೆಳಗ್ಗೆ ಬಂದು ನೋಡಿದ ಮಕ್ಕಳ ಮುಖ ಇನ್ನೂ ಕಣ್ಮುಂದೆ ಇದೆ. ಹಾಗಾಗಿ ದುಡ್ಡು ಕಮ್ಮಿ ಇದ್ರೆ ಮಡಿ ಕಮ್ಮಿ ಮಾಡಿ, ಬೇಲಿ ಮಾತ್ರ ಬಿಡಬೇಡಿ. ಗುದ್ದಲಿ, ಕುಡುಗೋಲು ಮಕ್ಕಳ ಕೈ ಅಳತೆದು ನಾಲ್ಕೈದು ಇದ್ರೆ ಸಾಕು, ಮಗುಗೊಂದು ಅಂತ ತರೋದು ದಂಡ.

ಆಮೇಲೆ ಟೊಮ್ಯಾಟೊ, ಬದನೆ ಹಾಕಿದ್ವಿ. ಸಸಿ ನೆಟ್ಟು ಎರಡು ಎರಡೂವರೆ ತಿಂಗಳು ಕಾಯ್ಬೇಕಲ್ಲ, ಕಾಯಿ ಬಿಡೋ ಹೊತ್ತಿಗೆ ಪರೀಕ್ಷೆ, ಹಣ್ಣಾಗೋ ಹೊತ್ತಿಗೆ ರಜೆ, ನೋಡೋರೇ ಇಲ್ಲ. ಆವಾಗಿಂದ ಲೆಕ್ಕ ಉಲ್ಟಾ ಮಾಡ್ದೆ, ಗಿಡ ನೋಡಿ ಪಾಠ ಹುಡುಕೋದಲ್ಲ, ಯಾವ ವಾರ ಯಾವ ಪಾಠ ಇದೆ ನೋಡಿ ಅದಕ್ಕೆ ತಕ್ಕ ಬೀಜ ಹಾಕೋದು. ಮೂಲಂಗಿ ಮೂರ್ನಾಲ್ಕು ದಿನಕ್ಕೆ ಮೊಳಕೆ ಬರುತ್ತೆ, ಸಣ್ಣ ಗುಂಡು ಜಾತಿ ಆದ್ರೆ ತಿಂಗಳಿಗೆಲ್ಲ ಕೀಳಬಹುದು, ಉದ್ದದ್ದಕ್ಕೆ ಒಂದೂವರೆ ತಿಂಗಳು. ಹೊಸದಾಗಿ ಶುರುಮಾಡೋ ಕ್ಲಾಸಿಗೆ ಇದಕ್ಕಿಂತ ಒಳ್ಳೇದು ಇಲ್ಲ.

ನಲವತ್ತು ಮಕ್ಕಳನ್ನ ಒಟ್ಟಿಗೆ ಹೊರಗೆ ಕರ್ಕೊಂಡು ಹೋದ್ರೆ ನಾಲ್ಕು ಜನ ಕೆಲಸ ಮಾಡ್ತಾರೆ, ಉಳಿದವ್ರು ಮಡಿ ತುಳೀತಾರೆ. ಈಗ ಅರ್ಧ ಕ್ಲಾಸ್ ಜಗಲಿ ಮೇಲೆ ಕೂತು ಲೆಕ್ಕ ಬಿಡಿಸುತ್ತೆ, ಅರ್ಧ ಮಡಿ ಹತ್ರ, ಇಪ್ಪತ್ತು ನಿಮಿಷಕ್ಕೆ ಅದಲು ಬದಲು. ಪ್ರತಿ ಗುಂಪಿನ ಕೈಲೂ ಒಂದು ಚೀಟಿ, ಅದ್ರಲ್ಲಿ ಒಂದೇ ಪ್ರಶ್ನೆ, ವಾಪಸ್ ಬರುವಾಗ ಒಂದು ಸಂಖ್ಯೆ ತರ್ಲೇಬೇಕು. ಯಾವ ಮಗುಗೆ ಯಾವ ಚೀಟಿ ಕೊಡ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ, ಅದು ನಾನು ವರ್ಷಗಟ್ಟಲೆ ಕೂತು ಕಲಿತಿದ್ದು.

ಸುತ್ತಳತೆ, ವಿಸ್ತೀರ್ಣದ ಪಾಠ ನನಗೆ ತುಂಬಾ ಹೆಮ್ಮೆ ತಂದಿದ್ದು. ಎಲ್ಲಾ ಗುಂಪಿಗೂ 12 ಮೀಟರ್ ದಾರ ಕೊಟ್ಟು ಅತಿ ದೊಡ್ಡ ಮಡಿ ಗುರುತು ಮಾಡಿ ಅಂದೆ. 5 ಕ್ಕೆ 1 ಇಟ್ಟವರಿಗೆ 5 ಚದರ ಮೀಟರ್, 4 ಕ್ಕೆ 2 ಇಟ್ಟವರಿಗೆ 8, 3 ಕ್ಕೆ 3 ಚೌಕ ಮಾಡಿದವರಿಗೆ 9. ಚೌಕದವರು ಗೆದ್ವಿ ಅಂತ ಕುಣಿದ್ರು. ಸರಿ, ನಡುವೆ ಇರೋ ಕಳೆ ಕೀಳ್ರಪ್ಪ, ಮಡಿ ತುಳಿಯಂಗಿಲ್ಲ ಅಂದೆ. ಕೈ ಎಟುಕಲ್ಲ! ಮಗುವಿನ ಕೈ ಒಂದು ಕಡೆಯಿಂದ ಹೆಚ್ಚೆಂದ್ರೆ ಅರ್ಧ ಮೀಟರ್ ಹೋಗುತ್ತೆ, ಎರಡೂ ಕಡೆ ಸೇರಿ ಒಂದು ಮೀಟರ್ ಅಗಲ ಅಷ್ಟೇ. ಕೊನೆಗೆ 5 ಕ್ಕೆ 1 ರ ಮಡಿನೇ ಉಳೀತು, ನಾನು ಬೋರ್ಡ್ ಮೇಲೆ ಏನೂ ಬರೀಲೇ ಇಲ್ಲ.

ಶೇಕಡಾಕ್ಕೆ ಹಳೇ ಬೀಜದ ಪೊಟ್ಟಣ. ಒದ್ದೆ ಬಟ್ಟೇಲಿ 10 ಕಾಳು ಸುತ್ತಿಟ್ವಿ, 4 ಮೊಳೆತವು, ಅಂದ್ರೆ ಶೇಕಡಾ 40. ಹಾಗಾದ್ರೆ ಒಂದು ಗಿಡಕ್ಕೆ ಎಷ್ಟು ಬೀಜ ಹಾಕ್ಬೇಕು? ಲೆಕ್ಕ ಹಾಕಿ ಒಬ್ಬ "ಎರಡೂವರೆ ಬೀಜ ಹೆಂಗ್ ಹಾಕೋದು ಮಿಸ್" ಅಂದ, ಪಕ್ಕದೋಳು "ಎರಡು ಗುಣಿಗೆ ಐದು ಹಾಕೋ" ಅಂದ್ಲು. ಯಾವತ್ತೂ ಬಾಯಿ ಬಿಡದ ಹುಡುಗಿ ಅದು.

ಕುಂಬಳ ಬಳ್ಳಿ ಎರಡು ವರ್ಷ ಸತಾಯಿಸ್ತು, ಹೂವು ರಾಶಿ, ಪಿಂದೆ ಎಲ್ಲಾ ಹಳದಿಯಾಗಿ ಉದುರಿ ಹೋಗ್ತಿತ್ತು. ಗೊಬ್ಬರ ಸಾಲ್ದು ಅಂತ ಯಾರೋ, ನೀರು ಜಾಸ್ತಿ ಅಂತ ಇನ್ಯಾರೋ. ಜೇನುನೊಣನೇ ಬರ್ತಿರ್ಲಿಲ್ಲ, ಅಷ್ಟೇ ಕಾರಣ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ರೆ ಹೆಣ್ಣು, ಬರೀ ತೊಟ್ಟಿದ್ರೆ ಗಂಡು. ಮಧ್ಯಾಹ್ನದೊಳಗೆ ಹೂವು ಮುಚ್ಕೊಳ್ಳುತ್ತೆ, ಅದಕ್ಕೆ ಮೊದಲ ಬೆಲ್ಲಿಗೆ ಮುಂಚೆನೇ ಮಕ್ಕಳು ಗಂಡು ಹೂವು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಶಲಾಕಾಗ್ರಕ್ಕೆ, ಅಂದ್ರೆ ನಡುವೆ ಪರಾಗ ಹಿಡಿಯೋ ತುದಿಗೆ, ಮೆತ್ತಗೆ ಸವರಿದ್ರು. ಪರಾಗಸ್ಪರ್ಶದ ಪಾಠವನ್ನ ಆಮೇಲೆ ನಾನು ಓದಿಸೋದೇ ಬೇಕಾಗ್ಲಿಲ್ಲ. ಆ ಸಲ ಕಾಯಿ ಹೊರೋಕೆ ಇಬ್ಬಿಬ್ರು ಬೇಕಾಯ್ತು.

ಇನ್ನೊಂದು, ಸುಮ್ನೆ ನೋಡೋಣ ಅಂತ ಮಾಡಿದ್ದು. ಬಳ್ಳಿ ಬೀನ್ಸ್ ಕೋಲನ್ನ ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗೇ ಸುತ್ತುತ್ತೆ. ಒಬ್ಬ ಹುಡುಗ ಅದನ್ನ ಬಿಚ್ಚಿ ಮುಳ್ಳಿನ ದಿಕ್ಕಿಗೆ ಸುತ್ತಿ ದಾರ ಕಟ್ಟಿದ. ಒಂದೆರಡು ದಿನದಲ್ಲಿ ದಾರದ ಮೇಲಿನ ಹೊಸ ಕುಡಿ ಮತ್ತೆ ತನ್ನ ದಿಕ್ಕಿಗೇ ತಿರುಗಿತ್ತು. ಇದು ಯಾವ ಪಾಠಕ್ಕೂ ಸೇರಲ್ಲ, ಆದ್ರೂ ವರ್ಷಾ ವರ್ಷ ಮಾಡಿಸ್ತೀನಿ. ನಿಂಬೆ ಗಿಡದ ಹುಳನೂ ಹಾಗೇ, ಮರಿ ಇದ್ದಾಗ ಥೇಟ್ ಹಕ್ಕಿ ಹಿಕ್ಕೆ ಥರ ಕಾಣುತ್ತೆ, ಮುಟ್ಟಿದ್ರೆ ತಲೆ ಹತ್ರ ಕೊಂಬಿನಂಥದ್ದು ಹೊರಗೆ ಚಾಚಿ ವಾಸನೆ ಬಿಡುತ್ತೆ. ಔಷಧಿ ಹೊಡಿಯೋಕೆ ಬಂದವರನ್ನ ಮಕ್ಕಳೇ ತಡೆದ್ರು, ಕೊನೆಗೆ ಚಿಟ್ಟೆ ಬಂತು.

ದೊಡ್ಡ ರಜೆಗೆ ಈಗ ತರಕಾರಿ ಹಾಕೋದೇ ಇಲ್ಲ. ಅದಕ್ಕೆ ಮುಂಚೆ ಅಲಸಂದೆ ಬಿತ್ತಿ, ಹೂವು ಬರೋ ಹೊತ್ತಿಗೆ ಒಂದು ಗಿಡ ಹುಷಾರಾಗಿ ಅಗೆದು ಬೇರಿನ ಗಂಟು ಬ್ಲೇಡಲ್ಲಿ ಕುಯ್ದು ತೋರಿಸ್ತೀನಿ, ಒಳಗೆ ಗುಲಾಬಿ ಬಣ್ಣ ಇದ್ರೆ ಸಾರಜನಕ ಹಿಡಿಯೋ ಕೆಲಸ ನಡೀತಿದೆ ಅಂತ. ಉಳಿದಿದ್ದನ್ನ ಅಲ್ಲೇ ಕತ್ತರಿಸಿ ಹಾಕಿ, ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಹೊದಿಸಿ ಬೇಲಿ ಬಾಗಿಲು ಹಾಕಿದ್ರೆ ಸ್ಕೂಲ್ ಮತ್ತೆ ಶುರುವಾಗೋವರೆಗೆ ಯಾರೂ ಆ ಕಡೆ ಹೋಗೋದು ಬೇಡ.