ಒಂದು ಫತ್ವಾವನ್ನು ಮೂಲದವರೆಗೆ ಪರಿಶೀಲಿಸುವುದು ಹೇಗೆ

‘ಇದು ಹರಾಮ್’ ಎಂಬ ತೀರ್ಪು ಎದುರಾದಾಗ ಮೊದಲು ಅದರ ಆಧಾರವನ್ನು ಬರೆದುಕೊಳ್ಳಿ: ಕುರ್‌ಆನ್ ವಚನವೋ, ಹದೀಸೋ (ಪ್ರವಾದಿಯ ನುಡಿ-ನಡೆಯ ವರದಿ), ಕಿಯಾಸ್ (ಹೋಲಿಕೆಯ ತರ್ಕ) ಮೂಲಕ ತೆಗೆದ ತೀರ್ಮಾನವೋ, ಬರೀ ರೂಢಿಯೋ. ವಚನಕ್ಕಿರುವ ತೂಕ ವಿದ್ವಾಂಸರು ಅದರ ಮೇಲೆ ಕಟ್ಟಿದ ನ್ಯಾಯಶಾಸ್ತ್ರವಾದ ಫಿಕ್ಹ್‌ಗೆ ಇಲ್ಲ. ಎರಡೂ ಒಂದೇ ಎಂದು ಹಿಡಿದರೆ ಮುಂದಿನ ಪರಿಶೀಲನೆಗೆ ಜಾಗವೇ ಇರದು.

ಆಧಾರ ವಚನವಾಗಿದ್ದರೆ, ಅದೇ ವಿಷಯದ ಉಳಿದ ವಚನಗಳನ್ನೂ ಅವತರಣದ ಕ್ರಮದಲ್ಲಿ ಓದಿ. ಅಮಲಿನಲ್ಲಿ ನಮಾಝ್‌ಗೆ ನಿಲ್ಲಬೇಡಿ ಎನ್ನುತ್ತದೆ 4:43 (4ನೇ ಅಧ್ಯಾಯದ 43ನೇ ವಚನ). ಅದೊಂದನ್ನೇ ಓದಿದವರಿಗೆ ಬೇರೆ ಹೊತ್ತಿನಲ್ಲಿ ಕುಡಿಯಬಹುದೆಂದು ತೋರೀತು. ಬಳಿಕ ಬಂದ 5:90 ಆ ದಾರಿ ಮುಚ್ಚಿದೆ.

ಹದೀಸ್ ಆಗಿದ್ದರೆ ಇಸ್ನಾದ್ ಮತ್ತು ಮತ್ನ್, ಅಂದರೆ ವರದಿಗಾರರ ಸರಪಳಿ ಮತ್ತು ಪಠ್ಯ, ಬೇರೆ ಬೇರೆಯಾಗಿ ನೋಡಬೇಕು. ಝಈಫ್ (ದುರ್ಬಲ) ಎಂದರೆ ಕಟ್ಟುಕಥೆಯಲ್ಲ; ಕಟ್ಟುಕಥೆಗೆ ಮೌಝೂ ಎಂಬ ಬೇರೆಯೇ ದರ್ಜೆಯಿದೆ. ಹದೀಸ್ ಸಂಗ್ರಹಕಾರ ಬುಖಾರಿ ಒಂದೇ ಹದೀಸನ್ನು ತುಂಡು ಮಾಡಿ ಹಲವು ಅಧ್ಯಾಯಗಳಲ್ಲಿ ಕೊಡುವುದುಂಟು. ಎಲ್ಲ ಪಾಠಗಳನ್ನು ಒಟ್ಟುಮಾಡದೆ ಒಂದು ಸಾಲಿನ ಮೇಲೆ ವಾದ ಹೂಡಬೇಡಿ.

ಹೆಚ್ಚು ಹೊತ್ತು ಬೇಡುವುದು ಇಲ್ಲತ್, ತೀರ್ಪು ನಿಂತಿರುವ ಕಾರಣ. 1511ರಲ್ಲಿ ಮಕ್ಕಾದಲ್ಲಿ ಕಾಫಿಯನ್ನು ನಿಷೇಧಿಸಲಾಗಿತ್ತು. ಮದ್ಯದ ನಿಷೇಧಕ್ಕೆ ಕಾರಣ ಅಮಲು. ಕಾಫಿಯಲ್ಲಿ ಅದಿಲ್ಲ ಎಂಬ ವಾದವೇ ಕಾಲಕ್ರಮದಲ್ಲಿ ಗೆದ್ದಿತು. ಆದರೆ ಇಲ್ಲತ್ ಬೇರೆ, ಹಿಕ್ಮತ್ (ನಿಯಮದ ಹಿಂದಿನ ಉದ್ದೇಶ) ಬೇರೆ. ಪ್ರಯಾಣಿಕರು ಉಪವಾಸ ಬಿಡಬಹುದು. ಕಷ್ಟ ತಪ್ಪಿಸುವುದು ಅದರ ಹಿಕ್ಮತ್, ಇಲ್ಲತ್ ಮಾತ್ರ ಪ್ರಯಾಣವೇ. ಹಾಗಾಗಿ ದಣಿವಿಲ್ಲದ ಪ್ರಯಾಣಕ್ಕೂ ರಿಯಾಯಿತಿ ಉಂಟು. ಹಿಕ್ಮತನ್ನೇ ಇಲ್ಲತ್ ಎಂದುಕೊಂಡರೆ ಯಾವ ನಿಯಮವನ್ನಾದರೂ ಕರಗಿಸಿಬಿಡಬಹುದು. ಸುಧಾರಣೆಯ ಉತ್ಸಾಹದ ಬರಹಗಳು ಎಡವುವುದು ಹೆಚ್ಚಾಗಿ ಇಲ್ಲೇ. ಸಂಪ್ರದಾಯಸ್ಥರು ಎಡವುವುದು ಇಲ್ಲತನ್ನು ಹುಡುಕದೆ ಬಿಟ್ಟು.

ಈಗ ಭಿನ್ನಮತಗಳಿಗೆ ಬನ್ನಿ. ಹನಫಿ, ಮಾಲಿಕಿ, ಶಾಫಿಈ, ಹಂಬಲಿ ಎಂಬ ನಾಲ್ಕು ಸುನ್ನಿ ನ್ಯಾಯಪಂಥಗಳಲ್ಲಿ (ಮದ್ಹಬ್) ಪ್ರತಿಯೊಬ್ಬರ ನಿಲುವನ್ನೂ ಅವರದೇ ಗ್ರಂಥದಲ್ಲಿ ನೋಡಿ, ಎದುರಾಳಿ ಕೊಟ್ಟ ಸಾರಾಂಶದಲ್ಲಲ್ಲ. ಇಬ್ನ್ ರುಶ್ದ್‌ರ ‘ಬಿದಾಯತುಲ್ ಮುಜ್ತಹಿದ್’ ಭಿನ್ನಮತ ಹುಟ್ಟಿದ್ದು ಏಕೆಂದೂ ಹೇಳುವುದರಿಂದ ಆರಂಭಕ್ಕೆ ಒಳ್ಳೆಯದು. ಇಮಾಮ್ ಶಾಫಿಈ ಈಜಿಪ್ಟಿಗೆ ಹೋದ ಮೇಲೆ ಇರಾಕಿನಲ್ಲಿದ್ದಾಗಿನ ತಮ್ಮದೇ ಹಲವು ಅಭಿಪ್ರಾಯಗಳನ್ನು ಬದಲಿಸಿದರು. ಅವರ ಹೆಸರಿನ ಮಾತು ಕದೀಮೋ (ಹಳೆಯದು) ಜದೀದೋ (ಹೊಸದು) ವಿಚಾರಿಸಿ. ‘ಇದಕ್ಕೆ ಇಜ್ಮಾ (ವಿದ್ವಾಂಸರ ಒಮ್ಮತ) ಇದೆ’ ಎಂದರೆ ಯಾರದು, ಯಾವ ಕಾಲದ್ದು ಎಂದು ಕೇಳಿ. ವಿರೋಧ ದಾಖಲಾಗಿಲ್ಲ ಎಂಬುದನ್ನೇ ಕೆಲವರು ಒಮ್ಮತ ಎನ್ನುತ್ತಾರೆ. ಇನ್ನು ಪ್ರತಿ ಮದ್ಹಬ್‌ನಿಂದ ತಮಗೆ ಸಲೀಸಾದದ್ದನ್ನಷ್ಟೇ ಹೆಕ್ಕುವುದಂತೂ ವಿಮರ್ಶೆಯೇ ಅಲ್ಲ.

ಈ ಕ್ರಮ ವ್ಯವಹಾರ, ಕುಟುಂಬ, ಆಡಳಿತದ ತೀರ್ಪುಗಳಿಗೆ ಹೊಂದುತ್ತದೆ. ಸೂರ್ಯಾಸ್ತದ ನಮಾಝಾದ ಮಗ್ರಿಬ್‌ಗೆ ಮೂರೇ ರಕಅತ್ (ನಮಾಝಿನ ಸುತ್ತು) ಏಕೆ ಎಂಬಂಥ ಆರಾಧನೆಯ ವಿಧಿಗಳಲ್ಲಿ ಇಲ್ಲತ್ ಹುಡುಕುತ್ತ ಕೂರಬೇಡಿ.